ಯಾವ ಆಯಿಲ್ ಹಾಕಿಸಲಿ?

ಮೋಟಾರ್‌ಸೈಕಲ್ಲಿಗೆ ಯಾವ ಇಂಜಿನ್ ಆಯಿಲ್ ಹಾಕಿಸಬೇಕೆಂದು ತೀರ್ಮಾನಿಸುವುದು ನನ್ನಿಂದ ಇವತ್ತಿಗೂ ಆಗಿಲ್ಲ. ಎಂ.ಎ. ಮಾಡಿದ್ದೇನೆ, ಕಾಲೇಜಿನಲ್ಲಿ ಚರಿತ್ರೆ ಪಾಠ ಹೇಳುತ್ತೇನೆ, ಹಂಪಿ ನೋಡಲು ಬಂದ ನೆಂಟರಿಗೆ ಯಾವ ಕಂಬ ಯಾವ ಕಾಲದ್ದೆಂದು ಅಳುಕದೆ ವಿವರಿಸುತ್ತೇನೆ. ಆದರೆ ಹೊಸಪೇಟೆಯ ಸ್ಪೇರ್‌ಪಾರ್ಟ್ಸ್ ಅಂಗಡಿಯ ಮುಂದೆ ನಿಂತು, ಸಾಲಾಗಿ ಜೋಡಿಸಿಟ್ಟ ಡಬ್ಬಿಗಳನ್ನು ನೋಡಿದ ಕೂಡಲೇ ಜೇಬಿನಿಂದ ಮೊಬೈಲ್ ತೆಗೆದು ಕಂಪ್ಲಿಯಲ್ಲಿರುವ ಅಣ್ಣನಿಗೆ ಫೋನ್ ಮಾಡುತ್ತೇನೆ. ಅಂಗಡಿಯವನು ನಗುತ್ತಾನೆ. ಹೋದ ಸಲವೂ ಇದನ್ನೇ ಕೇಳಿದ್ದೆನಂತೆ, ಅದರ ಹಿಂದಿನ ಸಲವೂ.

ಡಬ್ಬಿಯ ಮೇಲಿನ ಬರಹವೇನೂ ಬ್ರಹ್ಮವಿದ್ಯೆಯಲ್ಲ. 'ಟ್ವೆಂಟಿ ಡಬ್ಲ್ಯೂ ಫಾರ್ಟಿ' ಎಂದಿರುತ್ತದೆ. ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಗಟ್ಟಿ ಎಂಬುದಕ್ಕೆ, ಎರಡನೆಯದು ಇಂಜಿನ್ ಕಾದಾಗ ಎಷ್ಟು ಗಟ್ಟಿ ಎಂಬುದಕ್ಕೆ. ನಡುವಿನ ಡಬ್ಲ್ಯೂ ಎಂದರೆ ಚಳಿಗಾಲ. ಟಿ.ಬಿ. ಡ್ಯಾಂ ಕಡೆಯಿಂದ ಬರುವ ಗಾಳಿಗೆ ಡಿಸೆಂಬರಿನಲ್ಲಿ ಒಂದು ಶಾಲು ಹೊದ್ದರೆ ಮುಗಿಯುವ ನಮ್ಮ ಚಳಿಯನ್ನೂ ಲೆಕ್ಕಕ್ಕೆ ಹಿಡಿದಿದ್ದಾರೆ. ಧೂಳಿಗೆ ಮಾತ್ರ ಡಬ್ಬಿಯ ಮೇಲೆ ಅಕ್ಷರವಿಲ್ಲ. ಅದಿರಿನ ಲಾರಿಗಳು ಓಡುತ್ತಿದ್ದ ವರ್ಷಗಳಲ್ಲಿ ನಮ್ಮಲ್ಲಿ ಇದ್ದದ್ದು ಎರಡೇ ಕಾಲ, ಧೂಳಿನದು ಮತ್ತು ಕೆಸರಿನದು.

ಎಣ್ಣೆಯ ವಿಚಾರ ನಮ್ಮ ಮನೆಗೆ ಹೊಸದಲ್ಲ. ಬುಕ್ಕಸಾಗರದಲ್ಲಿ ಅಜ್ಜನ ಎತ್ತಿನ ಬಂಡಿ ಇತ್ತು. ಅದರ ಅಚ್ಚಿಗೆ ಹಚ್ಚಲು ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿ ಕಲಸಿ ಕೀಲೆಣ್ಣೆ ಮಾಡುತ್ತಿದ್ದರು. ಅದು ನನಗೆ ಚೆನ್ನಾಗಿ ನೆನಪಿದೆ ಎಂದು ಬರೆಯಹೊರಟು ಕೈ ತಡೆಯುತ್ತದೆ. ನನಗೆ ಖಚಿತವಾಗಿ ನೆನಪಿರುವುದು ವಾಸನೆಯೊಂದೇ. ಬಂಡಿ, ಎತ್ತು, ಅಜ್ಜನ ಕಪ್ಪು ಬೆರಳು ಇವೆಲ್ಲ ಅಣ್ಣ ಹೇಳಿದ್ದನ್ನು ಕೇಳಿ ಕೇಳಿ ನಾನೇ ಕಟ್ಟಿಕೊಂಡವಿರಬೇಕು. ಅಣ್ಣ ಎಣ್ಣೆಯ ವಿಷಯ ಹೇಳತೊಡಗಿದರೆ ಕೇಳಿದವರಿಗೆ ಬೆರಳು ಜಿಡ್ಡಾಗುತ್ತಿತ್ತು.

ಅದಿರಿನ ಆ ವರ್ಷಗಳಲ್ಲಿ ಅಣ್ಣ ಸಂಡೂರಿನ ಒಂದು ಗಣಿಯಲ್ಲಿ ಲಾರಿಗಳನ್ನು ತೂಗುವ ಕಾಟಾದ ಗುಮಾಸ್ತ. ಹೊಸಪೇಟೆಯಿಂದ ದಿನಾ ಮೋಟಾರ್‌ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದ. ಮುಂದೊಂದು ಲಾರಿ, ಹಿಂದೊಂದು ಲಾರಿ, ನಡುವೆ ಅಣ್ಣ. ಸಂಜೆ ಮನೆಗೆ ಬಂದಾಗ ಹುಬ್ಬು, ರೆಪ್ಪೆ, ಕಿವಿಯ ಅಂಚು ಎಲ್ಲ ಕೆಂಪು. ಅತ್ತಿಗೆ ಬಾಗಿಲಲ್ಲೇ ತಡೆದು ಬಚ್ಚಲಿಗೆ ಕಳಿಸುತ್ತಿದ್ದಳು. ಅವನ ಅಂಗಿಗಳನ್ನು ಬೇರೆಯಾಗಿ ಒಗೆಯುತ್ತಿದ್ದಳು, ರಾತ್ರಿ ಅವನು ಕೆಮ್ಮುವುದನ್ನು ಕೇಳಿಸಿಕೊಳ್ಳುತ್ತಿದ್ದಳು. ಕಂಪ್ಲಿಯಲ್ಲಿ ಅವಳ ತಮ್ಮನ ಅಕ್ಕಿ ಗಿರಣಿ ಇದೆ, ಅಲ್ಲಿ ಕೂತು ವ್ಯವಹಾರ ನೋಡಿಕೊಂಡರೆ ಸಾಕು, ಈ ಗಣಿ ಬಿಡಿ ಎಂಬುದು ಅವಳ ಒಂದೇ ಮಾತು. ಅಣ್ಣ ಅದಕ್ಕೆ, ಅಲ್ಲಿ ತೌಡಿನ ಧೂಳು ಇಲ್ಲಿ ಅದಿರಿನ ಧೂಳು, ಧೂಳಿನಲ್ಲೂ ಕುಲ ನೋಡುತ್ತೀಯೇನು ಎಂದು ನಗುತ್ತಿದ್ದ. ನಗು ಕೆಮ್ಮಾಗಿ ಮುಗಿಯುತ್ತಿತ್ತು.

ಅವನ ಚಿಂತೆಯೆಲ್ಲ ಇಂಜಿನ್ನಿನದು. ಮೊದಮೊದಲು ಊರಿನ ಎಲ್ಲರಂತೆ ಅವನೂ ಲಾರಿಯ ಆಯಿಲ್ ಹಾಕುತ್ತಿದ್ದ. ಅಷ್ಟು ದೊಡ್ಡ ಲಾರಿಯನ್ನೇ ಗುಡ್ಡ ಹತ್ತಿಸುವ ಎಣ್ಣೆ ಈ ಚಿಕ್ಕ ಗಾಡಿಗೆ ಸಾಲದೇ ಎಂಬುದು ಆಗ ಬಂಡ್ರಿಯಿಂದ ಕಂಪ್ಲಿವರೆಗೆ ಹಬ್ಬಿದ್ದ ತತ್ವಶಾಸ್ತ್ರ. ಡ್ರೈವರುಗಳು ಪ್ರೀತಿಯಿಂದಲೋ ಕಾಟಾದ ಮೇಲಿನ ಭಯದಿಂದಲೋ ಡಬ್ಬಿ ತುಂಬಿಸಿ ಕೊಡುತ್ತಿದ್ದರು. ಒಂದು ದಿನ ಸಂಡೂರಿನ ಏರಿನಲ್ಲಿ ಇಂಜಿನ್ ಅರಚಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಮೋಟಾರ್‌ಸೈಕಲ್ಲಿನಲ್ಲಿ ಕ್ಲಚ್ಚೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಸಿಕ್ಕಿದ ಎಣ್ಣೆ ಸುರಿದರೆ ಅದು ಹಿಡಿತ ಬಿಡುತ್ತದೆ. ಹಿಂದಿನ ಲಾರಿ ಹಾರ್ನ್ ಹೊಡೆದುಕೊಂಡು ಒಂದು ಗೇಣು ದೂರದಲ್ಲಿ ನಿಂತಿತಂತೆ. ಅವತ್ತಿನಿಂದ ಅಣ್ಣ ಆಯಿಲ್ ವಿಷಯದಲ್ಲಿ ಮಡಿವಂತನಾದ. ಬೈಕಿನದೇ ಆಯಿಲ್, ಸೀಲ್ ಒಡೆಯದ ಡಬ್ಬಿ, ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಾವಣೆ. ಇಳಿಸಿದ ಎಣ್ಣೆ ಕಪ್ಪಾಗಿರುವ ಬದಲು ಅದಿರಿನ ಧೂಳು ಸೇರಿ ಇಟ್ಟಿಗೆ ತೊಳೆದ ನೀರಿನಂತೆ ಕೆಂಪಗಿರುತ್ತಿತ್ತು. ಅದನ್ನು ಎರಡು ಬೆರಳ ನಡುವೆ ಉಜ್ಜಿ, ಕಿವಿಯ ಹತ್ತಿರ ಹಿಡಿದು, ಹರಳಿನ ಸದ್ದು ಕೇಳುತ್ತಿದ್ದ.

ಆಮೇಲೆ ಏರ್ ಫಿಲ್ಟರಿಗೂ ಒಂದು ಕಾವಲು ಬೇಕೆನ್ನಿಸಿತು. ಅತ್ತಿಗೆಯ ಹಳೆಯ ವಾಯಿಲ್ ಸೀರೆ ಹರಿದು, ಎರಡು ಪದರ ಮಾಡಿ, ಗಾಳಿ ಎಳೆಯುವ ಬಾಯಿಗೆ ಕಟ್ಟಿದ. ಅಂಗಳದಲ್ಲಿ ಕೂತು ಗಂಟು ಹಾಕುತ್ತಿದ್ದಾಗ ಅತ್ತಿಗೆ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು.

"ಬಂಡಿ ಮಾರಿಗೆ ಸೀರಿ ಕಟ್ಟೀರಿ, ಭಾಳ ಚೊಲೋ ಆತು" ಎಂದಳು. "ನಿಮ್ಮ ಮಾರಿಗೆ ಏನು ಕಟ್ಟೀರಿ?"

"ನಂಗ ಬೆಲ್ಲ ಐತಲ್ಲ" ಎಂದ ಅಣ್ಣ, ತಲೆ ಎತ್ತದೆ.

ಬೆಲ್ಲದ ಕತೆ ಹೇಳಬೇಕು. ಧೂಳಿನಲ್ಲಿ ದುಡಿಯುವವರು ಪಾಳಿ ಮುಗಿದ ಮೇಲೆ ಒಂದು ಉಂಡೆ ಬೆಲ್ಲ ತಿನ್ನುತ್ತಿದ್ದರು. ಗಂಟಲಿನ ಧೂಳನ್ನು ಬೆಲ್ಲ ಹಿಡಿದುಕೊಂಡು ಹೊಟ್ಟೆಗಿಳಿಸುತ್ತದೆ, ಹೊಟ್ಟೆ ಅದನ್ನು ಆಚೆ ಹಾಕುತ್ತದೆ ಎಂದು ನಂಬಿಕೆ. ಇಂಜಿನ್ ಬಲ್ಲ ಅಣ್ಣನಿಗೆ ಇದು ತಕ್ಷಣ ಒಪ್ಪಿಗೆಯಾಗಿತ್ತು. ಎಣ್ಣೆ ಮಾಡುವುದೂ ಅದನ್ನೇ ಅಲ್ಲವೇ? ಕೊಳೆ ಹಿಡಿದುಕೊಳ್ಳುವುದು, ಕೆಳಗಿಳಿಸುವುದು, ಹೊರಗೆ ಹೋಗುವುದು. ಗಣಿಯವರು ಮುಖಕ್ಕೆ ಮಾಸ್ಕ್ ಕೊಟ್ಟಿದ್ದರು. ಆದರೆ ಕಾಟಾದಲ್ಲಿ ದಿನವಿಡೀ ಲಾರಿ ನಂಬರ್ ಕೂಗಬೇಕು, ಬಾಯಿ ಮುಚ್ಚಿಕೊಂಡು ಕೂಗಲಾಗದು. ಸಾಹೇಬರು ತಪಾಸಣೆಗೆ ಬಂದ ದಿನ ಎಲ್ಲರೂ ಹಾಕಿಕೊಳ್ಳುತ್ತಿದ್ದರು, ಮಿಕ್ಕ ದಿನ ಅದು ಮೊಳೆಗೆ ತೂಗುತ್ತಿತ್ತು. ಉಸಿರಿನ ದಾರಿ ಬೇರೆ, ಬೆಲ್ಲದ ದಾರಿ ಬೇರೆ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಮಗುವೂ ಬಲ್ಲ ಸಂಗತಿ. ಮನೆ ತುಂಬ ದೊಡ್ಡವರೇ ಇದ್ದೆವು.

ಅಣ್ಣನ ಕೆಮ್ಮು ಬಿಡದೆ ಹೋದಾಗ ಬಳ್ಳಾರಿಯ ಡಾಕ್ಟರು ಎದೆಯ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಎರಡೂ ಕಡೆ ಅದಿರಿನ ಪುಡಿ ಚೆಲ್ಲಿದಂತೆ ಚುಕ್ಕಿಗಳು. ಅಣ್ಣ ಬಹಳ ಹೊತ್ತು ನೋಡಿ ಕೇಳಿದ:

"ಇದನ್ನ ಡ್ರೇನ್ ಮಾಡಾಕ ಬರೂದಿಲ್ಲೇನ್ರಿ, ಡಾಕ್ಟ್ರ?"

ನಾನಿದನ್ನು ಕಣ್ಣಾರೆ ಕಂಡಂತೆ ಬರೆದಿದ್ದೇನೆ. ನಾನು ಆಗ ಒಳಗೆ ಇರಲೇ ಇಲ್ಲ, ಹೊರಗೆ ಔಷಧಿ ಅಂಗಡಿಯಲ್ಲಿದ್ದೆ ಎನ್ನುತ್ತಾಳೆ ಅತ್ತಿಗೆ. ಅವತ್ತಿನ ನನ್ನ ದಿನಚರಿಯಲ್ಲಿ 'ಬಳ್ಳಾರಿ. ವಿಪರೀತ ಬಿಸಿಲು' ಎಂದಷ್ಟೇ ಇದೆ. ಆದರೂ ಆ ಕಿಟಕಿ ನನಗೆ ಕಾಣುತ್ತದೆ, ಡಾಕ್ಟರು ಎಕ್ಸ್‌ರೇಯನ್ನು ಲಕೋಟೆಗೆ ಹಾಕಿದ್ದೂ ಕಾಣುತ್ತದೆ. ನೋಡದ್ದನ್ನು ಮರೆಯುವುದು ಹೇಗೆಂದು ನನಗೆ ಗೊತ್ತಿಲ್ಲ.

ಅಣ್ಣ ಗಣಿ ಬಿಟ್ಟ. ಅತ್ತಿಗೆಯ ಮಾತು ಗೆದ್ದು ಇಬ್ಬರೂ ಕಂಪ್ಲಿಗೆ ಹೋದರು. ಆದರೆ ಗಿರಣಿಯ ಹತ್ತಿರವೂ ಸುಳಿಯಬಾರದೆಂದು ಡಾಕ್ಟರು ಹೇಳಿದ್ದರು. ತೌಡಿನ ಧೂಳಿನ ಬಗ್ಗೆ ತಾನಾಡಿದ ತಮಾಷೆ ಕೊನೆಗೆ ನಿಜವಾಯಿತೆಂದು ಅಣ್ಣ ಮಾತ್ರ ನಕ್ಕ. ಈಗ ಅವನು ಕಿಟಕಿಯ ಪಕ್ಕದ ಕುರ್ಚಿಯಲ್ಲಿರುತ್ತಾನೆ. ಅವನು ಬಿಟ್ಟ ಮೇಲೆ ಗಣಿಗಳೂ ಬಾಗಿಲು ಹಾಕಿದವು. ಲಾರಿಗಳು ಬಯಲಲ್ಲಿ ಸಾಲಾಗಿ ನಿಂತು ತುಕ್ಕು ಹಿಡಿಯುತ್ತಿವೆ. ಅಣ್ಣನ ಮೋಟಾರ್‌ಸೈಕಲ್ ನನ್ನ ಪಾಲಿಗೆ ಬಂದಿದೆ. ಅದರ ಇಂಜಿನ್ನಿಗೆ ಇವತ್ತಿಗೂ ಕೆಮ್ಮಿಲ್ಲ.

ಹೋದ ವಾರ ಗಾಡಿಯ ಹಳೆಯ ಎಣ್ಣೆ ಇಳಿಸಿಸಿ, ಮತ್ತೆ ಅಂಗಡಿಯ ಮುಂದೆ ನಿಂತು ಫೋನ್ ಮಾಡಿದೆ. ಎತ್ತಿದವಳು ಅತ್ತಿಗೆ. ಮುಂಜಾನೆಯಿಂದ ಅವನು ಒಂದು ಮಾತೂ ಆಡಿಲ್ಲವೆಂದು ತಗ್ಗಿದ ದನಿಯಲ್ಲಿ ಹೇಳಿ ಅವನ ಕೈಗೆ ಕೊಟ್ಟಳು.

"ಅಣ್ಣ, ಯಾವ ಆಯಿಲ್ ಹಾಕಿಸ್ಲಿ?"

"ಲೇ, ಎಷ್ಟ್ ಸಲ ಹೇಳ್ಬೇಕೋ ನಿಂಗ... ಟ್ವೆಂಟಿ ಡಬ್ಲ್ಯೂ... ಫಾರ್ಟಿ." ಉಸಿರು ಎಳೆದುಕೊಂಡ. "ಇಳಿಸಿದ್ದು ಯಾವ ಬಣ್ಣ ಐತಿ?"

"ಕರಿ."

"ಕೆಂಪಿಲ್ಲ?"

"ಒಂಚೂರೂ ಇಲ್ಲ."

ಆ ಕಡೆ ಅವನ ಎದೆ ಸುಯ್ಯೆನ್ನುವುದು ಕೇಳಿಸಿತು.

"ಚೊಲೋ ಆತು" ಎಂದ. "ಇಂಜಿನ್ ಉಳೀತು."

ಅಷ್ಟರಲ್ಲಿ ಅಂಗಡಿಯವನು ನನ್ನನ್ನು ಕೇಳದೆಯೇ ಆ ಡಬ್ಬಿಯನ್ನು ತೆಗೆದು ಮುಂದಿಟ್ಟಿದ್ದ. ನಾನು ಅದನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದೆ: "ಅಣ್ಣ, ನಡುವ ಈ ಡಬ್ಲ್ಯೂ ಅಂತ ಐತಲ್ಲ, ಹಂಗಂದ್ರ ಏನು?"

ಇಷ್ಟು ಓದಿ ಏನು ಕಲಿತೆಯೋ ಎಂದು ಬೈದು, ಅವನು ಮೊದಲಿನಿಂದ ಹೇಳತೊಡಗಿದ.