ಕೇಳಲು ಬಾರದ ಫೋನು

ಚೆನ್ನೈನ ಅಂಬತ್ತೂರಿನ ಆಫೀಸಿನಲ್ಲಿ ನಮ್ಮ ಮೇಡಂ ಹಾಸನದ ಕಡೆಯವರು. ಏನು ಹೇಳಿದರೂ "ಸರಿ, ನೋಡೋಣ" ಎಂದು ಕನ್ನಡಕ ಒರೆಸುತ್ತಿದ್ದರು. ಮೊಬೈಲ್ ಟವರುಗಳು ಯಾರೂ ಕೇಳದಿದ್ದರೂ ಹಗಲಿರುಳು ಸಿಗ್ನಲ್ ಬಿಟ್ಟು ಕರೆಂಟು ತಿನ್ನುತ್ತವೆ. ಫೋನು ಕರೆದಾಗ ಮಾತ್ರ ಏಳುವ ಟವರನ್ನು ನಾವು ತಯಾರಿಸುತ್ತಿದ್ದೆವು.

ಪ್ರಯೋಗಾಲಯದಲ್ಲಿ, ಚೆನ್ನೈಯಲ್ಲೇ ಬೆಳೆದ ನಮ್ಮ ದೊಡ್ಡ ಸಾಹೇಬರ ಮುಂದೆ, ಮಲಗಿದ್ದ ಟವರು ಹೊಸ ಫೋನಿನ ಒಂದೇ ಕೂಗಿಗೆ ಎದ್ದಿತು. ಚಪ್ಪಾಳೆಯ ನಡುವೆ ಮೇಡಂ ಒಂದು ಹಳೆಯ ಫೋನನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ನೆಟ್‌ವರ್ಕ್ ಇರಲಿಲ್ಲ.

"ಇದಕ್ಕೆ ಟವರನ್ನ ಎಬ್ಬಿಸೋಕೇ ಬರಲ್ಲ ಸಾರ್. ಇಂಥ ಫೋನ್ ಇರೋರು ಆಂಬುಲೆನ್ಸ್ ಹೇಗೆ ಕರೀತಾರೆ?"

"ಈಗ ಯಾರು ಮಾ ಈ ಫೋನ್ ಇಟ್ಕೊಂಡಿದಾರೆ?"

"ನಮ್ಮಮ್ಮ, ಸಾರ್."

ಬಿಡುಗಡೆ ನಿಂತಿತು. ಮೇಡಂ ಬಡ್ತಿಯೂ ನಿಂತಿತು. ಹಳೆಯ ಫೋನುಗಳಿಗಾಗಿ ಪಕ್ಕದ ಟವರೊಂದು ಎಚ್ಚರವಾಗಿರುವಂತೆ ಅವರೇ ಏರ್ಪಾಟು ಮಾಡಿದರು. ಅದಕ್ಕೆ ಬಹುಮಾನ ಸಿಕ್ಕಿದ್ದು ಸಾಹೇಬರಿಗೆ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಮೇಡಂ.