ಸಾಬೂನಿನ ಡಬ್ಬಿಯ ಟೆಸ್ಟರ್

ಎಪ್ಪತ್ತರ ದಶಕದ ಕೊನೆಯಲ್ಲಿ, ಖಾನಾಪುರದ ಹೆಣ್ಣುಮಕ್ಕಳ ಸಾಲೆಯಲ್ಲಿ ನಮಗೆ ವಿಜ್ಞಾನ ಕಲಿಸಿದ ಅಕ್ಕೋರಿಗೆ ಸದಾ ಸಿಟ್ಟು. ಆ ಸಿಟ್ಟೆಲ್ಲ ಗಾಜಿನ ಕಪಾಟಿನ ಮೇಲೆ. ಹುಡುಗಿಯರು ಮುಟ್ಟಿದರೆ ಕೆಡುತ್ತದೆಂದು ಹೆಡ್‌ಮಾಸ್ತರರು ಕರೆಂಟು ಅಳೆಯುವ ಇದ್ದೊಂದು ಮೀಟರನ್ನು ಅದರೊಳಗಿಟ್ಟು ಕೀಲಿ ಹಾಕಿದ್ದರು.

ಅಕ್ಕೋರು ಬೆಳಗಾವಿಯ ರೇಡಿಯೋ ರಿಪೇರಿ ಅಂಗಡಿಯಿಂದ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಹಳೆಯ ಡಯೋಡುಗಳನ್ನು ತಂದರು. ಸಾಬೂನಿನ ಡಬ್ಬಿಯಲ್ಲಿ ಎರಡು ಸೆಲ್ಲು, ಒಂದು ಪುಟ್ಟ ಬಲ್ಬು, ಎರಡು ವೈರು ಜೋಡಿಸಿ ಟೆಸ್ಟರ್ ಮಾಡಿದರು. ವೈರುಗಳ ನಡುವೆ ಡಯೋಡ್ ಇಟ್ಟರೆ ಬಲ್ಬು ಹತ್ತಬೇಕು, ತಿರುಗಿಸಿ ಇಟ್ಟರೆ ಆರಬೇಕು. ಇಲ್ಲದಿದ್ದರೆ ಡಯೋಡ್ ಕೆಟ್ಟಿದೆ ಎಂದರ್ಥ. ನಾವು ಹಿಂಜರಿದರೆ, "ಮುಟ್ಟಿ ನೋಡ್ರಿ," ಎಂದು ಗದರುತ್ತಿದ್ದರು.

ತಪಾಸಣೆಯ ಸಾಹೇಬರು ಬಂದ ದಿನ ಮೀಟರು ಹೊರಬಂತು. ಮುಳ್ಳು ಅಲುಗಲಿಲ್ಲ. ಅಕ್ಕೋರು ಅದರ ಹಿಂಬದಿ ಬಿಚ್ಚಿದರು. ವರ್ಷಗಟ್ಟಲೆ ಒಳಗಿದ್ದ ಸೆಲ್ಲು ಸೋರಿ ತಂತಿಯನ್ನು ತಿಂದುಹಾಕಿತ್ತು. ಟೆಸ್ಟರನ್ನು ಆ ತಂತಿಗೆ ಹಚ್ಚಿದರು, ಬಲ್ಬು ಹತ್ತಲಿಲ್ಲ.

"ಹುಡುಗ್ಯಾರು ಮುಟ್ಟಿ ಕೆಡಿಸಿಲ್ರಿ ಸರ್. ಯಾರೂ ಮುಟ್ಟದ್ದಕ್ಕ ಕೆಟ್ಟೈತಿ," ಎಂದು ಸಾಹೇಬರಿಗೆ ಹೇಳಿದರು.

ಸಾಹೇಬರು ಹೋದಮೇಲೆ ಹೆಡ್‌ಮಾಸ್ತರರು ಸತ್ತ ಮೀಟರನ್ನು ಮರಳಿ ಕಪಾಟಿನಲ್ಲಿಟ್ಟರು. ಅದರ ಪಕ್ಕಕ್ಕೆ ಸಾಬೂನಿನ ಡಬ್ಬಿಯನ್ನೂ ಇಟ್ಟು ಕೀಲಿ ಹಾಕಿದರು.

ಅಕ್ಕೋರು ತರಗತಿಗೆ ಬಂದು, ಬಾಗಿಲು ಮುಚ್ಚದೆ, ಹೆಡ್‌ಮಾಸ್ತರರಿಗೂ ಕೇಳುವ ಹಾಗೆ ಹೇಳಿದರು: "ನಾಳೆ ಒಬ್ಬೊಬ್ಬಾಕಿ ಒಂದೊಂದು ಸಾಬೂನಿನ ಡಬ್ಬಿ ತರ್ರಿ. ಅಷ್ಟು ಕೀಲಿ ಅವರ ಕಡೆ ಇಲ್ಲ."