ಬೈಟು ಕಾಫಿಯ ನಾರಾಯಣಣ್ಣ

ಯಾರೋ ತಪ್ಪಾಗಿ ಹಾಕಿದ ಮೆಸೇಜ್ ಇರಬೇಕು ಎಂದುಕೊಂಡೆ…
ಬೆಳಿಗ್ಗೆ ನಮ್ಮ ಬಡಾವಣೆಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು.
ಹೋಟೆಲ್ ನಾರಾಯಣಣ್ಣ ಇನ್ನಿಲ್ಲ ಎಂದು.
ಹೋದ ಶನಿವಾರ ನನಗೆ ಎರಡು ವಡೆ ಹಾಕಿ ಕೊಟ್ಟ ಮನುಷ್ಯ…
ಹೋಟೆಲಿನ ಕ್ಯಾಷಿಯರ್‌ಗೆ ಫೋನ್ ಮಾಡಿ ಕೇಳಿದೆ.
ನಿಜವಂತೆ. ಎರಡು ದಿನ ರಜೆ ಹಾಕಿ ಕುಂದಾಪುರದ ಕಡೆ ಊರಿಗೆ ಹೋಗಿದ್ದರಂತೆ. ಮಲಗಿದವರು ಏಳಲೇ ಇಲ್ಲವಂತೆ…

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಜಾಲಹಳ್ಳಿ ಕ್ರಾಸ್ ಹತ್ತಿರ ನಾವು ಪ್ರತಿ ಶನಿವಾರ ತಿಂಡಿಗೆ ಹೋಗುವ ಹೋಟೆಲಿನ ಸಪ್ಲೈಯರ್ ಅವರು.
ಮಾಲೀಕರು ಬದಲಾದರು, ಬೋರ್ಡ್ ಬದಲಾಯಿತು, ಮೆಟ್ರೋ ಬಂತು.
ನಾರಾಯಣಣ್ಣನ ಹೆಗಲ ಮೇಲಿನ ಟವೆಲ್ ಮಾತ್ರ ಅಲ್ಲೇ ಇತ್ತು.

ಮೊದಲ ಭೇಟಿ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ.
ಮದುವೆಯಾಗಿ ಎರಡನೇ ವಾರ. ನಾನು ಗದಗದ ಕಡೆಯಿಂದ ಬಂದ ಹೊಸಬಳು.
ನಮ್ಮವರು, ಅಂದರೆ ಮಂಜುನಾಥ್, ಜಾಲಹಳ್ಳಿಯ ಹಳೇ ಮನೆತನದವರು.
ದೊಡ್ಡ ಗತ್ತಿನಲ್ಲಿ ಆರ್ಡರ್ ಮಾಡಿದರು… "ಒಂದ್ ಮಸಾಲೆ, ಒಂದ್ ಪೂರಿ, ಆಮೇಲೆ ಒಂದ್ ಬೈಟು."
ಬೈಟು ಎಂದರೆ ಬೆಂಗಳೂರಿನ ಯಾವುದೋ ಸ್ಪೆಷಲ್ ತಿಂಡಿ ಎಂದುಕೊಂಡು ನಾನೂ ಸುಮ್ಮನಿರದೆ ಹೇಳಿದೆ.
"ಅಣ್ಣಾರ, ನನಗೂ ಒಂದು ಬೈಟು ಇರ್ಲಿ. ಬಿಸಿದು ಕೊಡ್ರಿ."
ನಾರಾಯಣಣ್ಣ ನಗಲಿಲ್ಲ.
"ಬೈಟು ಅಂದ್ರೆ ಒಂದು ಕಾಫೀನ ಇಬ್ರು ಹಂಚ್ಕೊಂಡು ಕುಡಿಯೋದು ಅಮ್ಮ," ಎಂದು ಮೆಲ್ಲಗೆ ಹೇಳಿದರು.
ನನಗೆ ಎಲ್ಲಿತ್ತೋ ಸಿಟ್ಟು…
"ಹಂಗಂದ್ರ ಅರ್ಧಾ ಕಪ್ಪೇನ್ರಿ? ಹೊಸಾ ಹೆಂಡ್ತಿಗೆ ಅರ್ಧಾ ಕಪ್ ಕುಡಸ್ತೀರೇನ್ರಿ?"
ಪಕ್ಕದ ಟೇಬಲ್‌ನವರು ದೋಸೆ ಬಿಟ್ಟು ನಮ್ಮನ್ನೇ ನೋಡತೊಡಗಿದರು. ನಮ್ಮವರು ಮೆನು ಕಾರ್ಡಿನಲ್ಲಿ ಮುಖ ಮುಚ್ಚಿಕೊಂಡರು.
ನಾರಾಯಣಣ್ಣನೇ ಕಾಪಾಡಿದ್ದು. "ಅದು ಕಮ್ಮಿ ಕುಡಿಯೋಕಲ್ಲಮ್ಮ, ಜಾಸ್ತಿ ಹೊತ್ತು ಕೂತ್ಕೊಳ್ಳೋಕೆ. ಇದು ಮುಗೀಲಿ, ಇನ್ನೊಂದು ಬೈಟು ತರ್ತೀನಿ."
ಆವತ್ತು ನಾವು ಮೂರು ಬೈಟು ಕುಡಿದೆವು.

ಆಮೇಲೆ ಶನಿವಾರಗಳಿಗೆ ಲೆಕ್ಕವೇ ಇಲ್ಲ.
ನಮ್ಮವರಿಗೆ ಖಾಲಿ ದೋಸೆ, ನನಗೆ ಸಾಂಬಾರಿನಲ್ಲಿ ಮುಳುಗಿಸಿದ ವಡೆ.
ಇಲ್ಲಿನ ಸಿಹಿ ಸಾಂಬಾರಿಗೆ ನಾನು ಮುಖ ಕಿವುಚುತ್ತೇನೆಂದು ಅಡುಗೆಮನೆಯಿಂದ ಹಸಿಮೆಣಸಿನಕಾಯಿ ಚಟ್ನಿ ಬೇರೆ.

ನಾರಾಯಣಣ್ಣ… ಒಂದು ವಿಷಯ ನಿಮಗೆ ಬಾಯಿಬಿಟ್ಟು ಹೇಳಲೇ ಇಲ್ಲ.
ಇಂದು ಎಲ್ಲರ ಮುಂದೆ ಹೇಳುತ್ತಿದ್ದೇನೆ.
ಒಂದು ಸಲ ನಾನೂ ಇವರೂ ಹದಿನಾರು ದಿನ ಮಾತು ಬಿಟ್ಟಿದ್ದೆವು.
ನಾದಿನಿಯ ಮನೆ ಗೃಹಪ್ರವೇಶದಲ್ಲಿ ಶುರುವಾದ ಜಗಳ, ಎಲ್ಲೆಲ್ಲಿಗೋ ಹೋಯಿತು.
ಯಶವಂತಪುರದಿಂದ ಗದಗಿಗೆ ಟಿಕೆಟ್ ಮಾಡಿಸಿದ್ದೆ. ವಾಪಸ್ ಟಿಕೆಟ್ ಮಾಡಿಸಿರಲಿಲ್ಲ.
ಹೋಗುವ ಮುಂಚೆ ಕೊನೆಯ ಸಲ ವಡೆ ತಿಂದು ಹೋಗೋಣ ಎಂದು ಬ್ಯಾಗ್ ಸಮೇತ ಒಬ್ಬಳೇ ಬಂದೆ.
ನೀವು ಬ್ಯಾಗ್ ನೋಡಿದಿರಿ. ಅರ್ಧ ಕಪ್ ಕಾಫಿ ತಂದಿಟ್ಟಿರಿ.
"ಫುಲ್ ಕೊಡ್ರಿ," ಎಂದೆ.
"ನಿಮ್ ಟೇಬಲ್‌ಗೆ ಬೈಟುನೇ ಅಮ್ಮ. ಇನ್ನರ್ಧ ಸಾರ್‌ದು. ಬೆಳಿಗ್ಗೆ ಅವ್ರಿಗೂ ಅರ್ಧಾನೇ ಕೊಟ್ಟೆ. ಬೈಕೊಂಡು ಹೋದ್ರು."
ನನಗೆ ಅಳು, ನಗು ಎರಡೂ ಒಟ್ಟಿಗೆ ಬಂತು.
ಅಲ್ಲಿಂದಲೇ ಇವರಿಗೆ ಫೋನ್ ಮಾಡಿದೆ. "ನಿಮಗೂ ಅರ್ಧಾನ ಕೊಟ್ರೇನ್ರಿ?"
ಹತ್ತು ನಿಮಿಷದಲ್ಲಿ ಚಪ್ಪಲಿ ಅದಲುಬದಲು ಹಾಕಿಕೊಂಡು ಓಡಿ ಬಂದರು ಮಹಾರಾಯರು.
ರೈಲು ತನ್ನ ಪಾಡಿಗೆ ಹೋಯಿತು. ನಾನು ಇಲ್ಲೇ ಉಳಿದೆ.
ಥ್ಯಾಂಕ್ಸ್ ನಾರಾಯಣಣ್ಣ… ತುಂಬಾ ತಡವಾಯಿತು.

ಹೋದ ತಿಂಗಳು ಅವರ ಹೆಂಡತಿ ಲಲಿತಕ್ಕ ಕಣ್ಣು ತೋರಿಸಲು ಬೆಂಗಳೂರಿಗೆ ಬಂದಿದ್ದರು.
ಹೋಟೆಲಿನ ಕೈತೊಳೆಯುವ ಜಾಗದ ಪಕ್ಕ ಚೀಲ ಹಿಡಿದು ನಿಂತಿದ್ದರು. ನಾನು ಬಿಡಲಿಲ್ಲ.
ಗಂಡ ಹೆಂಡತಿ ಇಬ್ಬರನ್ನೂ ನಮ್ಮ ಟೇಬಲ್‌ನಲ್ಲಿ ಎದುರುಬದುರು ಕೂರಿಸಿದೆ. ಮಾಲೀಕರೂ ಹೂಂ ಎಂದರು.
ನಮ್ಮವರು ಟವೆಲ್ ಹೆಗಲಿಗೆ ಹಾಕಿಕೊಂಡು ಸಪ್ಲೈ ಮಾಡಿದರು. ಸಾಂಬಾರ್ ಅರ್ಧ ಟೇಬಲ್‌ಗೇ ಹೋಯಿತು.
ನಾರಾಯಣಣ್ಣನಿಗೆ ಕೂತು ಅಭ್ಯಾಸವೇ ಇಲ್ಲ.
ಯಾರಾದರೂ "ಸಪ್ಲೈಯರ್" ಎಂದರೆ ಸಾಕು, ತುತ್ತು ಬಿಟ್ಟು ಏಳುತ್ತಿದ್ದರು.
ಪ್ರತಿ ಸಲವೂ ಲಲಿತಕ್ಕ ಅಂಗಿ ಹಿಡಿದು ಎಳೆದು ಕೂರಿಸುತ್ತಿದ್ದರು.
ಇಡೀ ಹೋಟೆಲ್ ನಕ್ಕಿತು. ಅವರೂ ನಕ್ಕರು.

ಈಗಷ್ಟೇ ಲಲಿತಕ್ಕನಿಗೆ ಫೋನ್ ಮಾಡಿದ್ದೆ. ಸಮಾಧಾನ ಹೇಳಲು ಹೋದ ನಾನೇ ಅಳುತ್ತಿದ್ದೆ.
ಅವರೇ ಸಮಾಧಾನ ಮಾಡಿದರು.
"ಊರಿಗೆ ಬಂದ್ರೂ ಯಾರದಾದ್ರೂ ಮದ್ವೆಗೆ ಬಡ್ಸುಕೆ ಹೋತಿದ್ರ್ ಅಮ್ಮ. ಇಪ್ಪತ್ತೆಂಟು ವರ್ಷದಾಗೆ ನಾವಿಬ್ರೂ ಎದ್ರುಬದ್ರು ಕೂಕಂಡ್ ತಿಂದದ್ದ್ ಆವತ್ತ್ ಒಂದೇ ದಿನ."

ನಾನು ಫೋನ್ ಇಟ್ಟೆ. ಇವರು ಬಂದು ನನ್ನ ಎದುರು ಕುಳಿತರು.

ಹೋಗಿ ಬನ್ನಿ ನಾರಾಯಣಣ್ಣ…
ನಿಮ್ಮ ಜೀವಕ್ಕೆ ತಂಪಾಗಲಿ, ನೆಮ್ಮದಿಯಾಗಲಿ.
ಅಲ್ಲಿ ಯಾರೇ ಕರೆದರೂ ಏಳಬೇಡಿ.
🙏